ಮದುಮಗಳ ಬೆರಳು

ನಮ್ಮ ಪಕ್ಕದ ಮನೆಯ ಅಜ್ಜಿಗೆ ಹುಬ್ಬುಗಳೇ ಇರಲಿಲ್ಲ. ಯಾವುದೋ ಕಾಯಿಲೆಯಲ್ಲಿ ಉದುರಿದವು ಮತ್ತೆ ಹುಟ್ಟಲಿಲ್ಲವಂತೆ. ದಿನಾ ಬೆಳಿಗ್ಗೆ ಕಂದು ಪೆನ್ಸಿಲ್ಲಿನಿಂದ ಎರಡು ಕಮಾನು ಬರೆದುಕೊಳ್ಳುತ್ತಿದ್ದರು. ಕೈ ನಡುಗುತ್ತಿದ್ದುದರಿಂದ ಎರಡೂ ಒಂದೇ ಎತ್ತರಕ್ಕೆ ಬರುತ್ತಿರಲಿಲ್ಲ. ಯಾರ ಮೇಲಾದರೂ ಸಿಟ್ಟಿದ್ದ ದಿನ ಎಡ ಹುಬ್ಬು ಹಣೆಯ ಅರ್ಧಕ್ಕೆ ಏರಿರುತ್ತಿತ್ತು. ಅಂಥ ದಿನ ಅಂಚೆಯವನು ಕೂಡ ಪತ್ರಗಳನ್ನು ಡಬ್ಬಿಗೆ ತುರುಕಿ ಬೇಗ ಜಾಗ ಖಾಲಿ ಮಾಡುತ್ತಿದ್ದ.

ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನ ಈ ಬಡಾವಣೆಗೆ ನಾವು ಬಂದಾಗ ಅವರಿಗೆ ಎಂಬತ್ತು ದಾಟಿತ್ತು. ಯಹೂದಿ ಮನೆತನ. ಮದುವೆಯಾಗಿರಲಿಲ್ಲ. ತಾಯಿ ಬದುಕಿರುವ ತನಕ ತಾಯಿಯ ಜೊತೆ ಓಕ್ ಪಾರ್ಕ್ ಎಂಬ ಊರಿನಲ್ಲಿದ್ದು, ಆಮೇಲೆ ಇಲ್ಲಿಗೆ ಬಂದವರು. ಒಂದು ಹೈಸ್ಕೂಲಿನ ಆಫೀಸಿನಲ್ಲಿ, ತಡವಾಗಿ ಬಂದ ಮಕ್ಕಳ ಹೆಸರು ಮತ್ತು ಕಾರಣ ಬರೆದುಕೊಳ್ಳುವ ಕೆಲಸದಲ್ಲಿ ಆಯುಷ್ಯ ಕಳೆದಿದ್ದರು. ಸುಳ್ಳು ಹೇಳುವವರ ಮುಖ ಓದುವುದನ್ನು ಕಲಿತದ್ದು ಅಲ್ಲಿಯೇ ಎನ್ನುತ್ತಿದ್ದರು.

ಮರೆಯುವುದು, ಕ್ಷಮಿಸುವುದು ಎರಡೂ ಅವರಿಗೆ ಬರುತ್ತಿರಲಿಲ್ಲ. ಎದುರು ಮನೆಯವನ ನಾಯಿ ಇವರ ಹುಲ್ಲಿನ ಮೇಲೆ ಹೊಲಸು ಮಾಡಿ ಹೋಗುತ್ತಿತ್ತು. ಎರಡು ಸಲ ಹೇಳಿದರು. ಮೂರನೆಯ ದಿನದಿಂದ ಅದನ್ನು ಕಂದು ಕಾಗದದ ಚೀಲದಲ್ಲಿ ಕಟ್ಟಿ, ಮೇಲೆ ಅಂದವಾದ ಅಕ್ಷರದಲ್ಲಿ ‘ನೀವು ಮರೆತು ಹೋದದ್ದು’ ಎಂದು ಬರೆದು, ಅವನ ಬಾಗಿಲ ಮುಂದೆ ಇಟ್ಟು ಬರತೊಡಗಿದರು. ಹನ್ನೊಂದು ಚೀಲಗಳಾದ ಮೇಲೆ ಅವನು ಕ್ಷಮೆ ಕೇಳಲು ಬಂದ. ಬಾಗಿಲು ತೆರೆದರು, ಕೇಳಿಸಿಕೊಂಡರು, ಮುಚ್ಚಿದರು.

ಅವರು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲೇ. ಆದರೆ ನನ್ನ ನೆನಪಿನಲ್ಲಿ ಅವರ ಮಾತು ಒಂದೂ ಇಂಗ್ಲಿಷಿನಲ್ಲಿ ಉಳಿದಿಲ್ಲ. ನಾನು ಧಾರವಾಡದವಳು. ಅವರ ಆ ಮುಖಕ್ಕೆ ಹೊಡೆದಂತೆ ಮಾತಾಡುವ ರೀತಿ, ನಡುವೆ ತಟ್ಟನೆ ಬರುವ ಅಂತಃಕರಣ, ಎಲ್ಲ ನನ್ನೊಳಗೆ ನಮ್ಮ ಊರಿನ ಮಾತಾಗಿಯೇ ಇಳಿದಿದೆ. ಹಾಗೆಯೇ ಬರೆಯುತ್ತೇನೆ.

ಬಂದ ವರ್ಷದ ಚಳಿಗಾಲದಲ್ಲಿ ನಾನು ಡ್ರೈವ್‌ವೇಯ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಪಾದದ ಗಂಟು ಮುರಿದುಕೊಂಡೆ. ನನ್ನ ಗಂಡ ಬೆಳಿಗ್ಗೆ ಕೆಲಸಕ್ಕೆ ಡಿಯರ್‌ಬಾರ್ನ್‌ಗೆ ಹೊರಟರೆ ಬರುವುದು ಸಂಜೆಗೆ. ಆರು ವಾರ ಮಧ್ಯಾಹ್ನದ ಊಟದ ಹೊತ್ತಿಗೆ ಅಜ್ಜಿ ಒಂದು ಪಾತ್ರೆ ಸೂಪು ಹಿಡಿದು ಬರುತ್ತಿದ್ದರು. ನಾವು ಮಾಂಸ ತಿನ್ನುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದೆ.

“ಕೋಳಿ ಇಲ್ಲದ ಸೂಪು ಅಂದ್ರ ಬಿಸಿನೀರಿಗೆ ಹೆಸರಿಟ್ಟಂಗ,” ಎಂದು ಬೈದರು. ಆದರೂ ಆರು ವಾರವೂ ಗಜ್ಜರಿ, ಉಳ್ಳಾಗಡ್ಡಿ ಹಾಕಿದ ಆ ಬಿಸಿನೀರನ್ನೇ ತಂದರು.

ನನ್ನ ಮಗಳು ಅವರನ್ನು ‘ಬಬಿ’ ಎಂದು ಕರೆಯುತ್ತಿದ್ದಳು. ಅವರ ಭಾಷೆಯಲ್ಲಿ ಅಜ್ಜಿ ಎಂದರ್ಥ. ಹಾಗೆ ಕರೆಯಲು ಅವರೇ ಹೇಳಿಕೊಟ್ಟದ್ದು.

ಅಕ್ಟೋಬರ್ ಕೊನೆಗೆ ಹ್ಯಾಲೊವೀನ್ ಬಂತೆಂದರೆ ನಮ್ಮ ರಸ್ತೆಯ ಮಕ್ಕಳೆಲ್ಲ ವೇಷ ಹಾಕಿಕೊಂಡು, ಮಿಠಾಯಿ ಕೇಳಲು ಮನೆಮನೆಗೆ ಹೊರಡುವ ಮೊದಲು, ಹಗಲಿರುವಾಗಲೇ ಅಜ್ಜಿಯ ಗ್ಯಾರೇಜಿನಲ್ಲಿ ಸೇರುತ್ತಿದ್ದರು. ಮಡಚುವ ಕುರ್ಚಿಗಳನ್ನು ಸಾಲಾಗಿ ಹಾಕಿ, ಬಿಸಿ ಸೇಬಿನ ರಸ ಕೊಟ್ಟು, ಅಜ್ಜಿ ದೆವ್ವದ ಕಥೆ ಹೇಳುತ್ತಿದ್ದರು.

“ಈ ಹಬ್ಬ ನಮ್ಮದಲ್ಲ. ಆದರ ಇದರಾಗಿನ ದೆವ್ವದಾಗ ಅರ್ಧ ನಮ್ಮವು,” ಎಂದೇ ಶುರು ಮಾಡುತ್ತಿದ್ದರು.

ಮಣ್ಣಿನಿಂದ ಮಾಡಿ, ಹಣೆಯ ಮೇಲೆ ಅಕ್ಷರ ಬರೆದು ಎಬ್ಬಿಸಿದ ಭೀಮಕಾಯದ ಆಳು. ನೆಲಮಾಳಿಗೆಯಲ್ಲಿ ಸೇರಿಕೊಂಡು, ಈ ಮನೆ ತಮ್ಮದೆಂದು ನ್ಯಾಯಸ್ಥಾನದಲ್ಲಿ ವಾದಿಸುವ ಪಿಶಾಚಿಗಳು. ಬದುಕಿದ್ದವರ ಮೈಯಲ್ಲಿ ಹೊಕ್ಕು ತನಗಾದ ಅನ್ಯಾಯವನ್ನು ಅವರ ಬಾಯಿಂದಲೇ ಹೇಳಿಸುವ ಸತ್ತವರ ಜೀವ. ನಮ್ಮೂರ ಕಡೆ ದೆವ್ವ ಬಿಡಿಸುವವರು “ಯಾರ ನೀ? ಎಲ್ಲಿಂದ ಬಂದಿ?” ಎಂದು ಕೇಳುವಂತೆ ಅವರ ಗುರುಗಳೂ ಮೊದಲು ಅದರ ಹೆಸರು ಕೇಳುತ್ತಿದ್ದರಂತೆ. ಅದರ ದೂರನ್ನು ಕೇಳದೆ ಓಡಿಸುವಂತಿಲ್ಲ.

ಆದರೆ ಮಕ್ಕಳು ಪ್ರತಿ ವರ್ಷ ಕೇಳುತ್ತಿದ್ದುದು ಮದುಮಗಳ ಕಥೆ. ಮದುವೆಗೆ ಹೊರಟ ಹುಡುಗನೊಬ್ಬ ದಾರಿಯಲ್ಲಿ ಗೆಳೆಯರ ಜೊತೆ ಹೊಳೆಯ ದಂಡೆಯಲ್ಲಿ ಕೂರುತ್ತಾನೆ. ನೆಲದಿಂದ ಕಡ್ಡಿಯಂಥದ್ದೊಂದು ಚಾಚಿಕೊಂಡಿದೆ. ನೋಡಿದರೆ ಬೆರಳು. ಅದರ ಮೇಲೆ ಇಸ್ತ್ರಿಪೆಟ್ಟಿಗೆ ತಾಗಿ ಸುಟ್ಟ ಅರ್ಧಚಂದ್ರದ ಗುರುತು. ಹುಡುಗ ತಮಾಷೆಗೆ ಉಂಗುರ ತೊಡಿಸಿ ಮದುವೆಯ ಮಂತ್ರವನ್ನು ಮೂರು ಸಲ ಹೇಳುತ್ತಾನೆ. ನೆಲ ಬಿರಿದು ಹರಿದ ಬಿಳಿ ಉಡುಪಿನ ಹೆಣ್ಣು ಏಳುತ್ತಾಳೆ. ಮದುವೆ ಮನೆಗೆ ಬಂದು “ಇವನು ನನ್ನ ಗಂಡ” ಎನ್ನುತ್ತಾಳೆ. ಸತ್ತವರಿಗೆ ಬದುಕಿದ್ದವರ ಮೇಲೆ ಹಕ್ಕಿಲ್ಲ ಎಂದು ಗುರುಗಳು ತೀರ್ಪು ಕೊಡುತ್ತಾರೆ. ಅವಳು ಕುಸಿದು ಅಳುತ್ತಾಳೆ. ಆಗ ಬದುಕಿರುವ ಮದುಮಗಳು ಅವಳ ಬಳಿ ಕುಳಿತು ಕೇಳುತ್ತಾಳೆ: “ಅಕ್ಕಾ, ನಿನ್ನನ್ನ ಕೊಂದವರು ಯಾರು?”

ಸತ್ತವಳು ಹೆಸರುಗಳನ್ನು ಹೇಳುತ್ತಾಳೆ. “ನನಗ ಗಂಡ ಬೇಕಾಗಿರಲಿಲ್ಲ. ಇದನ್ನ ಕೇಳವರು ಬೇಕಾಗಿತ್ತು,” ಎನ್ನುತ್ತಾಳೆ. ಆಮೇಲೆ ಊರವರು ಅವಳನ್ನು ಹೆಸರು ಹೇಳಿ ಮಣ್ಣು ಮಾಡುತ್ತಾರೆ.

ಮಗಳಿಗೆ ಒಂಬತ್ತು ತುಂಬಿದ ವರ್ಷ, ಅಕ್ಟೋಬರ್ ಮೊದಲ ವಾರ, ಅವಳು ಶಾಲೆಯ ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತಂದಳು. ಹ್ಯಾಲೊವೀನ್ ಕಥೆಗಳು. ಯೂರೋಪಿನ ಹಳ್ಳಿಗಾಡಿನ ಪುರಾತನ ದಂತಕಥೆಗಳೆಂದು ಹೊದಿಕೆಯ ಮೇಲಿತ್ತು. ಅಡಿಗೆಮನೆಗೆ ಬಂದು ನನ್ನ ಮುಂದೆ ಹಿಡಿದಳು.

“ಅಮ್ಮಾ, ದಿಸ್ ಈಸ್ ಬಬೀಸ್ ಸ್ಟೋರಿ! ಬಟ್ ದ ಎಂಡಿಂಗ್ ಈಸ್ ರಾಂಗ್.”

ಓದಿದೆ. ಹೊಳೆಯ ದಂಡೆ, ಉಂಗುರ, ಬೆರಳಿನ ಮೇಲಿನ ಅರ್ಧಚಂದ್ರ, ಎಲ್ಲ ಇತ್ತು. ಗುರುಗಳಿರಲಿಲ್ಲ, ತೀರ್ಪಿರಲಿಲ್ಲ, ಪ್ರಶ್ನೆ ಇರಲಿಲ್ಲ. ಯಹೂದಿ ಎಂಬ ಮಾತೇ ಇರಲಿಲ್ಲ. ಕೊನೆಯಲ್ಲಿ ಹೆಣ ಹುಡುಗನ ಕುತ್ತಿಗೆ ಹಿಡಿದು ಗುಂಡಿಗೆ ಎಳೆದುಕೊಂಡು ಹೋಗುತ್ತದೆ. ಚಿತ್ರದಲ್ಲಿ ಅವಳಿಗೆ ಹಲ್ಲುಗಳನ್ನು ಉದ್ದವಾಗಿ ಬರೆದಿದ್ದರು.

ಅಜ್ಜಿಗೆ ತೋರಿಸಿದರೆ ಖುಷಿಪಡಬಹುದೆಂದು ಆ ಸಂಜೆಯೇ ಒಯ್ದೆ. ಎಂಥ ದಡ್ಡಿ ನಾನು.

ಅವರು ಕನ್ನಡಕ ಹಾಕಿಕೊಂಡು ನಿಂತೇ ಓದಿದರು. ಲೇಖಕನ ಹೆಸರು ನೋಡಿದರು. ಆಮೇಲೆ ಕುರ್ಚಿಯ ಬೆನ್ನು ಹಿಡಿದು ನಿಧಾನಕ್ಕೆ ಕೂತರು.

“ಇಂವ ನಮ್ಮ ಮನಿಗೆ ಬಂದಿದ್ದ,” ಎಂದರು.

ನಲವತ್ತು ವರ್ಷದ ಹಿಂದಿನ ಮಾತು. ಓಕ್ ಪಾರ್ಕಿನ ಮನೆಗೆ ಟೇಪ್ ರೆಕಾರ್ಡರ್ ಹಿಡಿದ ತರುಣನೊಬ್ಬ ಬಂದಿದ್ದ. ಮುದುಕಿಯರ ಕಥೆಗಳನ್ನು ಸಂಗ್ರಹಿಸುತ್ತೇನೆ, ಹೇಳಿದವರ ಹೆಸರಿನೊಂದಿಗೆ ಪುಸ್ತಕ ಮಾಡುತ್ತೇನೆ ಎಂದಿದ್ದ. ಅಜ್ಜಿಯ ತಾಯಿ ಮೂರು ಮಧ್ಯಾಹ್ನ ಅವನಿಗೆ ಕಥೆ ಹೇಳಿದರು. ಆಮೇಲೆ ಅವನು ಬರಲಿಲ್ಲ. ತಾಯಿ ಮೂರು ವರ್ಷ ದಾರಿ ಕಾದರು. ಅಂಚೆಯಲ್ಲಿ ಯಾವ ಕಟ್ಟು ಬಂದರೂ “ಪುಸ್ತಕ ಏನು?” ಎಂದು ಕೇಳುತ್ತಿದ್ದರು. ಹಾಗೆ ಕೇಳುತ್ತಲೇ ತೀರಿಕೊಂಡರು.

“ಈ ಸುಟ್ಟ ಗುರುತು ಕಥಿಯೊಳಗಿಂದಲ್ಲ,” ಅಜ್ಜಿ ಆ ಸಾಲಿನ ಮೇಲೆ ಬೆರಳಿಟ್ಟರು. “ನಮ್ಮ ಅವ್ವಗ ಎಂಟು ವರ್ಷ. ಆಕಿ ಅಕ್ಕನ ಮದುವಿ. ಅಂಗಿ ಇಸ್ತ್ರಿ ಮಾಡಾಕ ಕೆಂಡದ ಪೆಟ್ಟಿಗಿ ತಂದು ಕೊಡವಾಗ ಅವ್ವನ ಕೈ ಜಾರಿ ಅಕ್ಕನ ಬೆರಳ ಸುಟ್ಟಿತು. ಮದುವಿ ಹಿಂದಿನ ದಿನ ಊರಿಗೆ ಗುಂಪು ಬಂತು. ಯಹೂದ್ಯರ ಮನಿ ಹುಡುಕಿ ಹುಡುಕಿ ಕೊಂದರು. ಅಕ್ಕನ್ನ ಆ ಬೆರಳಿನಿಂದ ಗುರುತು ಹಿಡದರು.”

ಅಜ್ಜಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

“ಹಳೀ ಕಥಿಯೊಳಗ ಅವ್ವ ಅಕ್ಕನ ಬೆರಳ ಇಟ್ಟಳು. ಕೊಂದವರು ಯಾರು ಅಂತ ಒಬ್ಬರರ ಕೇಳಲಿ ಅಂತ. ಇಂವ ಏನು ಮಾಡ್ಯಾನ ನೋಡು. ಕೊಂದವರನ್ನ ಬಿಟ್ಟು, ಸತ್ತಾಕಿನ್ನ ದೆವ್ವ ಮಾಡ್ಯಾನ.”

ಮರುದಿನ ಎಡ ಹುಬ್ಬು ಕೂದಲಿನ ಅಂಚು ಮುಟ್ಟಿತ್ತು.

ಆ ಲೇಖಕ ಈಗ ಮುದುಕ, ಸಾಕಷ್ಟು ಹೆಸರಾದವನು, ಪ್ರತಿ ಅಕ್ಟೋಬರ್‌ನಲ್ಲಿ ಲೈಬ್ರರಿಗಳಲ್ಲಿ ಮಕ್ಕಳಿಗೆ ಕಥೆ ಓದುತ್ತಾನೆ ಎಂದು ಹುಡುಕಿ ಹೇಳಿದವಳು ನಾನೇ. ಇಪ್ಪತ್ತು ಮೈಲಿ ದೂರದ ಊರಿನ ಲೈಬ್ರರಿಗೆ ಮುಂದಿನ ಭಾನುವಾರ ಮಧ್ಯಾಹ್ನ ಬರುವವನಿದ್ದ.

“ನೀನ್ಯಾಕೆ ಮಧ್ಯ ಹೋಗ್ತೀಯ?” ನನ್ನ ಗಂಡ ಕೇಳಿದ. ಅವನು ಮೈಸೂರಿನವನು. “ನಲವತ್ತು ವರ್ಷ ಆಗೋಗಿದೆ ಕಣೆ. ಅವ್ರಿಗೆ ವಯಸ್ಸಾಗಿದೆ, ಬಿಪಿ ಇದೆ. ಬಿಟ್ಬಿಡಿ ಅಂತ ನೀನೇ ಸಮಾಧಾನ ಹೇಳ್ಬೇಕು.”

“ನಿಮ್ಮ ಊರಾಗ ಎಲ್ಲಾನೂ ಬಿಟ್ಟಬಿಡತೀರಿ,” ಎಂದೆ. ನಿಜ ಹೇಳಬೇಕೆಂದರೆ ಬಿಡುವುದರಲ್ಲಿ ನಾನು ಅವನಿಗಿಂತ ಮುಂದೆ. ‘ಹೋಗಲಿ ಬಿಡು’ ಎಂಬ ಮಾತನ್ನು ಹಾಲಿನ ಜೊತೆ ಕುಡಿದು ಬೆಳೆದವಳು. ಆಫೀಸಿನಲ್ಲಿ ನನ್ನ ಎರಡು ವರ್ಷದ ಕೆಲಸವನ್ನು ಮ್ಯಾನೇಜರ್ ತನ್ನದೆಂದು ಮೀಟಿಂಗಿನಲ್ಲಿ ತೋರಿಸಿದಾಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಬಹುಶಃ ಅದಕ್ಕೇ ಇರಬೇಕು, ಆ ಭಾನುವಾರ ಕಾರಿನ ಕೀ ತೆಗೆದುಕೊಳ್ಳುವಾಗ ನನ್ನ ಕೈ ಹಬ್ಬಕ್ಕೆ ಹೊರಟವಳ ಕೈಯಂತೆ ಅವಸರಪಡುತ್ತಿತ್ತು.

ಅಜ್ಜಿ ಕಪ್ಪು ಕೋಟು ತೊಟ್ಟಿದ್ದರು. ಮಗಳು ಆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಲೈಬ್ರರಿಯಲ್ಲಿ ಮೂವತ್ತು ಮಕ್ಕಳಿದ್ದರು, ಬಾವಲಿ, ಮಾಟಗಾತಿ, ಜೇನುಹುಳುಗಳ ವೇಷದಲ್ಲಿ. ನಾವು ಮೂವರೂ ಮುಂದಿನ ಸಾಲಿನಲ್ಲೇ ಕೂತೆವು. ಲೇಖಕ ಬಿಳಿ ಗಡ್ಡದ, ಸೌಮ್ಯ ಮುಖದ ಮನುಷ್ಯ. ಚೆನ್ನಾಗಿಯೇ ಓದಿದ. ಹೆಣ ಹುಡುಗನನ್ನು ಎಳೆದುಕೊಂಡು ಹೋದಾಗ ಮಕ್ಕಳು ಕಿರುಚಿ ನಕ್ಕರು. “ಏನಾದರೂ ಕೇಳುವುದಿದೆಯಾ?” ಎಂದ.

ನನ್ನ ಮಗಳು ಕೈಯೆತ್ತಿದಳು. ನಾವು ಅವಳಿಗೆ ಹೇಳಿಕೊಟ್ಟಿರಲಿಲ್ಲ.

“ಹೂ ಕಿಲ್ಡ್ ಹರ್?”

ಆತ ನಕ್ಕ. ಅದು ಕಥೆಯಲ್ಲಿಲ್ಲ, ಪುಟ್ಟೀ, ಎಂದ.

ಅಜ್ಜಿ ಎದ್ದು ನಿಂತರು. “ಬೆರಳಿನ ಸುಟ್ಟ ಗುರುತು ಎಲ್ಲಿಂದ ಬಂತು?”

ಹಳೆಯ ಹಳ್ಳಿಯ ಕಥೆ ಮ್ಯಾಡಮ್, ಹಾಗೆಯೇ ಬಂದಿದೆ, ಜನಪದ ಕಥೆ ಯಾರ ಸ್ವತ್ತೂ ಅಲ್ಲವಲ್ಲ, ಎಂದ.

“ಖರೆ. ಕಥಿ ಯಾರದೂ ಅಲ್ಲ. ಬೆರಳ ಯಾರದು?”

ಆತ ಅವರ ಮುಖವನ್ನೇ ನೋಡಿದ. ಅಜ್ಜಿ ಓಕ್ ಪಾರ್ಕಿನ ಬೀದಿಯ ಹೆಸರು ಹೇಳಿದರು, ಮನೆಯ ನಂಬರು ಹೇಳಿದರು. ಆತ ಕೈಯಲ್ಲಿದ್ದ ಪುಸ್ತಕ ಮುಚ್ಚಿದ.

“ಹಳದಿ ಅಡಿಗೆಮನೆ,” ಎಂದ, ತನಗೇ ಹೇಳಿಕೊಂಡಂತೆ. “ನಿಮ್ಮ ತಾಯಿ ನನಗೆ ಜೇನಿನ ಕೇಕ್ ಕೊಟ್ಟಿದ್ದರು.”

“ಕೇಕಿನ ನೆನಪೈತಿ. ಹೆಸರಿನ ನೆನಪಿಲ್ಲ.”

ಅಷ್ಟೇ. ಆಮೇಲೆ ಅಜ್ಜಿ ಮಕ್ಕಳ ಕಡೆ ತಿರುಗಿ, ಆ ಬೆರಳು ತಮ್ಮ ದೊಡ್ಡಮ್ಮನದೆಂದೂ, ಅವಳು ದೆವ್ವವಲ್ಲವೆಂದೂ, ಅವಳನ್ನು ಕೆಟ್ಟ ಜನ ಕೊಂದರೆಂದೂ ಶಾಂತವಾಗಿ ಹೇಳಿದರು. ಯಾವ ಮಗುವೂ ಅಳಲಿಲ್ಲ. ಜೇನುಹುಳುವಿನ ವೇಷದ ಒಂದು ಹುಡುಗಿ ಅವಳ ಹೆಸರೇನು ಎಂದು ಕೇಳಿದಳು. ಫ್ರೇಡೆಲ್, ಎಂದರು ಅಜ್ಜಿ. ಸಂತೋಷ ಎಂದು ಅದರ ಅರ್ಥ.

ಎರಡು ವಾರದ ಮೇಲೆ ಆತನಿಂದ ಒಂದು ಪೆಟ್ಟಿಗೆ ಬಂತು. ಹಳೆಯ ಟೇಪು, ಅದರ ಪ್ರತಿ ಮಾಡಿಸಿದ ಒಂದು ಸಿ.ಡಿ., ಜೊತೆಗೆ ಕಾಗದ. ತಾನು ಆಗ ಚಿಕ್ಕವನು, ಪ್ರಕಾಶಕರು ಬದಲಾಯಿಸಲು ಹೇಳಿದರು, ಹೇಳಿದವರ ಹೆಸರುಗಳ ಪಟ್ಟಿ ಕಳೆದುಹೋಯಿತು, ಕ್ಷಮಿಸಬೇಕು ಎಂದು ಬರೆದಿದ್ದ. ಅಜ್ಜಿಯ ಊಟದ ಮೇಜಿನ ಮುಂದೆ ಕೂತು ಇಬ್ಬರೂ ಕೇಳಿದೆವು. ನಲವತ್ತು ವರ್ಷದ ಹಿಂದಿನ ತಾಯಿಯ ದನಿ. ಅಜ್ಜಿ ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಕಥೆ ಮುಗಿಯಿತು. ಆಮೇಲೂ ಟೇಪು ಓಡುತ್ತಿತ್ತು. ತರುಣನ ದನಿ: “ಪುಸ್ತಕದಲ್ಲಿ ನಿಮ್ಮ ಹೆಸರು ಹೇಗೆ ಬರೆಯಲಿ?”

“ನಂದು ಬ್ಯಾಡ,” ತಾಯಿಯ ದನಿ. “ಅಕ್ಕಂದು ಹಾಕು.” ಮತ್ತೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ತರುಣ ಅದನ್ನು ತಿರುಗಿ ಓದಿದ. ಸರಿ ಇದೆಯಾ ಎಂದ. ಸರಿ ಇದೆ ಎಂದರು.

ಕಳುಹಿಸುವ ಮೊದಲು ಆತ ಕೊನೆಯ ತನಕ ಕೇಳಿರಲಿಲ್ಲವೇನೋ. ಪಟ್ಟಿ ಕಳೆದುಹೋಗಿರಬಹುದು. ಟೇಪಿನಲ್ಲಿ ಹೆಸರು ಹಾಗೆಯೇ ಇತ್ತು.

ಅಂದು ಅಜ್ಜಿ ಅಳುವುದನ್ನು ಮೊದಲ ಸಲ ನೋಡಿದೆ. ಐದು ನಿಮಿಷ. ಆಮೇಲೆ ಮುಖ ತೊಳೆದು ಬಂದು ಆತನಿಗೆ ಫೋನ್ ಮಾಡಿದರು.

“ನಾ ಕ್ಷಮಿಸಾಕ ಬರಂಗಿಲ್ಲ,” ಎಂದರು. “ತಪ್ಪು ಮಾಡಿದ್ದು ನನಗಲ್ಲ. ಸತ್ತವರಿಗೆ ತಪ್ಪು ಮಾಡಿದವರು ಹತ್ತು ಮಂದೀನ್ನ ಕರಕೊಂಡು ಗೋರಿ ಮುಂದ ನಿಂತು, ಏನು ಮಾಡೀನಿ ಅಂತ ಬಾಯಿ ಬಿಟ್ಟು ಹೇಳಬೇಕು. ನಮ್ಮ ಹಿರೇರು ಹಾಕಿದ ನೇಮ. ಬರತಿದ್ದರ ಬಾ.”

ಆತ ಚಳಿಗಾಲವೆಲ್ಲ ಬರಲಿಲ್ಲ. ನಡುವೆ ಒಮ್ಮೆ ಫೋನ್ ಮಾಡಿ, ನಾಲ್ಕು ಜನರನ್ನು ಕರೆತಂದರೆ ನಡೆಯುವುದೇ ಎಂದು ಕೇಳಿದ. “ಹತ್ತು,” ಎಂದು ಅಜ್ಜಿ ಫೋನ್ ಇಟ್ಟರು. ಮತ್ತೊಮ್ಮೆ ಏಳು ಎಂದ. “ಹತ್ತು.” ಒಬ್ಬ ಮುದುಕ ತನ್ನ ಗೆಳೆಯರ, ಮಕ್ಕಳ, ಜೊತೆ ಕೆಲಸ ಮಾಡಿದವರ ಬಾಗಿಲಿಗೆ ಹೋಗಿ, ತಾನು ಇಂಥ ಕಳ್ಳತನ ಮಾಡಿದ್ದೇನೆ, ಅದನ್ನು ಒಪ್ಪಿಕೊಳ್ಳುವುದನ್ನು ನೋಡಲು ಬನ್ನಿ ಎಂದು ಕೇಳುತ್ತಿರುವುದನ್ನು ನಾನು ಆ ಚಳಿಗಾಲದಲ್ಲಿ ಹಲವು ಸಲ ಕಲ್ಪಿಸಿಕೊಂಡೆ. ಸಂಕಟವಾಗಲಿಲ್ಲ. ಸಂತೋಷವೇ ಆಯಿತು.

ಏಪ್ರಿಲ್‌ನ ಒಂದು ಬೆಳಿಗ್ಗೆ ಆತ ಬಂದ. ಸ್ಮಶಾನದಲ್ಲಿ ಅಜ್ಜಿಯ ತಾಯಿಯ ಗೋರಿಯ ಮುಂದಿನ ಹುಲ್ಲಿನ್ನೂ ಹಸಿಯಾಗಿತ್ತು. ಅಜ್ಜಿ ಎಣಿಸಿದರು. ಒಂಬತ್ತು ಜನ.

“ನನ್ನನ್ನು ಸೇರಿಸಿದರೆ ಹತ್ತು,” ಎಂದ.

“ತಪ್ಪು ಮಾಡಿದವನ್ನ ಎಣಸಂಗಿಲ್ಲ.”

ಆತ ನನ್ನ ಕಡೆ ನೋಡಿದ.

“ಆಕಿ ನನ್ನ ಕಡಿಯಾಕಿ,” ಎಂದರು ಅಜ್ಜಿ. ಆ ಮಾತಿನಿಂದ ನನಗೆ ಸಿಕ್ಕಷ್ಟು ಮರ್ಯಾದೆ ಬೇರೆ ಯಾವ ಮಾತಿನಿಂದಲೂ ಸಿಕ್ಕಿಲ್ಲ.

ದೂರದಲ್ಲಿ ಒಬ್ಬ ಕೆಲಸದವನು ಒಣ ಎಲೆ ಗುಡಿಸುತ್ತಿದ್ದ. ಲೇಖಕ ಅಲ್ಲಿಯವರೆಗೆ ನಡೆದು ಹೋದ. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಕೆಲಸದವನು ಕೈಗವಸು ತೆಗೆದು, ತಲೆಯ ಟೋಪಿ ಸರಿಮಾಡಿಕೊಂಡು ಬಂದು ಹತ್ತನೆಯವನಾಗಿ ನಿಂತ.

ಆತ ಜೇಬಿನಿಂದ ಕಾಗದ ತೆಗೆದು ಓದಿದ. ಈ ತಾಯಿ ನಂಬಿ ಹೇಳಿದ್ದನ್ನು ತಾನು ಹೆಸರಿಲ್ಲದಂತೆ ಬಳಸಿದ್ದಾಗಿ, ಅವರ ಸಂಬಂಧಿಯೊಬ್ಬಳ ಸಾವನ್ನು ತಮಾಷೆ ಮಾಡಿದ್ದಾಗಿ ಓದಿದ.

“ಹೆಸರು,” ಎಂದರು ಅಜ್ಜಿ.

ಆತ ಕಾಗದದಲ್ಲಿ ಹುಡುಕಿದ. ಇರಲಿಲ್ಲ. ಬಾಯಲ್ಲಿ ಹೇಳಿದ, ತಪ್ಪಾಗಿ. ಅಜ್ಜಿ ತಿದ್ದಿದರು. ಮತ್ತೆ ಹೇಳಿಸಿದರು. ಮೂರನೆಯ ಸಲ ಸರಿಯಾಗಿ ಬಂತು. ಆತನ ಕಣ್ಣಲ್ಲಿ ನೀರಿತ್ತು. ಜೊತೆಗೆ ಬಂದವರು ನೆಲ ನೋಡುತ್ತಿದ್ದರು. ಈಗಲಾದರೂ ಕ್ಷಮಿಸಿದಿರಾ ಎಂದು ಆತ ಕೇಳಿದ.

“ಅವ್ವ ಕೇಳಿದಳು,” ಎಂದರು ಅಜ್ಜಿ. “ನಾ ಇನ್ನೂ ಕೇಳಿಲ್ಲ. ಖರೆ ಕಥಿ, ಆಕಿ ಹೆಸರು ಇರೋ ಪುಸ್ತಕ ಬರಲಿ.”

ವರ್ಷದ ಮೇಲೆ ಹೊಸ ಮುದ್ರಣ ಬಂತು. ಹೊದಿಕೆಯ ಮೇಲೆ ಅದೇ ಹಳ್ಳಿಗಾಡಿನ ದಂತಕಥೆಗಳು. ಅದೇ ಉದ್ದ ಹಲ್ಲಿನ ಚಿತ್ರ. ಅದೇ ಕೊನೆ. ಕಡೆಯ ಪುಟದಲ್ಲಿ, ಕೃತಜ್ಞತೆಗಳ ಉದ್ದ ಪಟ್ಟಿಯ ನಡುವೆ, ಆತನ ನಾಯಿಯ ಡಾಕ್ಟರ ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಿ ಫ್ರೇಡೆಲ್ ಎಂದಿತ್ತು. ಯಾರು, ಯಾಕೆ ಎಂದಿರಲಿಲ್ಲ. ಅಜ್ಜಿ ಅದನ್ನು ಭೂತಗನ್ನಡಿ ಹಿಡಿದು ಓದಿ, ಬಂದ ಕಾಗದದಲ್ಲೇ ಸುತ್ತಿ, ವಾಪಸು ಕಳಿಸಲು ನನ್ನ ಕೈಗೆ ಕೊಟ್ಟರು.

“ಹತ್ತು ಮಂದಿ ಮುಂದ ಅಳತಾನ. ಸಾವಿರ ಮಂದಿ ಓದೋ ಕಡೆ ಪಿಸುಗುಡತಾನ,” ಎಂದರು. ಆಮೇಲೆ ಆತನ ಫೋನ್ ತೆಗೆದುಕೊಳ್ಳಲಿಲ್ಲ.

ಅದೇ ವಾರ ನಾನು ಆಫೀಸಿನ ಮೀಟಿಂಗಿನಲ್ಲಿ ಎದ್ದು ನಿಂತು, ಮ್ಯಾನೇಜರ್ ಮತ್ತೆ ತನ್ನದೆಂದು ಪರದೆಯ ಮೇಲೆ ತೋರಿಸುತ್ತಿದ್ದ ಕೆಲಸ ನನ್ನದು ಎಂದು ಎಲ್ಲರ ಎದುರು ಹೇಳಿದೆ. ಮ್ಯಾನೇಜರ್ ಆ ದಿನದಿಂದ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ನಾನು ಕೆಲವು ತಿಂಗಳಲ್ಲಿ ರಾಚೆಸ್ಟರ್ ಹಿಲ್ಸ್‌ನ ಬೇರೆ ಕಂಪನಿಗೆ ಹೋದೆ. ಅಜ್ಜಿಗೆ ಹೇಳಿದಾಗ, “ಮೊದಲನೇ ಸಲಾನ ಹೇಳಬೇಕಿತ್ತು,” ಎಂದು ಬೈದರು.

ಮುಂದಿನ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಬೆಳಿಗ್ಗೆ ಚಹಾ ಕುಡಿದು ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ. ತಾಯಿಯ ಪಕ್ಕದಲ್ಲೇ ಜಾಗ ಕಾದಿರಿಸಿದ್ದರು.

ಅವರಲ್ಲಿ ಬಂದವರೆಲ್ಲ ಸಲಿಕೆ ಹಿಡಿದು ಗುಂಡಿಗೆ ಮಣ್ಣು ಹಾಕಬೇಕು. ಸಲಿಕೆಯನ್ನು ಕೈಯಿಂದ ಕೈಗೆ ಕೊಡುವಂತಿಲ್ಲ. ಮಣ್ಣಿಗೆ ಚುಚ್ಚಿ ಬಿಟ್ಟರೆ ಮುಂದಿನವರು ತೆಗೆದುಕೊಳ್ಳುತ್ತಾರೆ. ದುಃಖವನ್ನು ಇನ್ನೊಬ್ಬರ ಕೈಗೆ ದಾಟಿಸಬಾರದು ಎಂದು. ನಾನು ಸಲಿಕೆ ತೆಗೆದುಕೊಂಡು ತಲೆಯೆತ್ತಿದರೆ, ಸಾಲಿನಲ್ಲಿ ನನ್ನ ಹಿಂದೆ ಆತ ನಿಂತಿದ್ದ. ಬಿಳಿ ಗಡ್ಡ, ಕೈಯಲ್ಲಿ ಟೋಪಿ.

ಒಂದು ಸಲಿಕೆ ಹಾಕಿದೆ. ಎರಡು, ಮೂರು. ಅಷ್ಟು ಸಾಕು, ಎಲ್ಲರೂ ಮೂರೇ ಹಾಕಿದ್ದರು. ನಾನು ಸಲಿಕೆ ಚುಚ್ಚಲಿಲ್ಲ. ಹಾಕುತ್ತಲೇ ಹೋದೆ. ಮಣ್ಣು ಹೆಪ್ಪುಗಟ್ಟಿ ಕಲ್ಲಿನಂತಿತ್ತು.

“ಸಾಕು ಕಣೆ,” ನನ್ನ ಗಂಡ ಮೆಲ್ಲಗೆ ಹೇಳಿದ. “ಎಲ್ಲಾ ನೋಡ್ತಿದಾರೆ.”

“ನೋಡಲಿ,” ಎಂದೆ.

ಆತ ಕಾದ. ಬಹಳ ಹೊತ್ತು ಕಾದ. ಆಮೇಲೆ ಟೋಪಿ ಹಾಕಿಕೊಂಡು ಮಂಜಿನ ದಾರಿಯಲ್ಲಿ ಕಾರಿನ ಕಡೆ ನಡೆದ. ಕಾರು ಗೇಟು ದಾಟುವುದನ್ನು ನೋಡಿದ ಮೇಲೆ ನಾನು ಸಲಿಕೆಯನ್ನು ಮಣ್ಣಿಗೆ ಚುಚ್ಚಿದೆ. ನನ್ನ ಮಗಳು ಮುಂದೆ ಬಂದು ಅದನ್ನು ತೆಗೆದುಕೊಂಡಳು.

ನಾನು ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ನನಗೆ ಗೊತ್ತಿಲ್ಲ. ಭುಜ ಮಾತ್ರ ಹದಿನೈದು ದಿನ ನೋಯುತ್ತಿತ್ತು. ಗಂಡ ಮುಲಾಮು ತಂದು ಕೊಟ್ಟ. ನಾನು ಹಚ್ಚಿಕೊಳ್ಳಲಿಲ್ಲ.